ಒಂದು ಗಜದ ಅಂತರ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, "ಮೇಷ್ಟ್ರೇ, ಇತಿಹಾಸ ಪಾಠ ಹೇಳಿದ ನಿಮಗೆ ಈ ಹೆಲ್ಮೆಟ್ ತೊಟ್ಟವರ ನೂಕಾಟದಲ್ಲಿ ಏನು ರುಚಿ?" ಎಂದು ಕೇಳುವುದುಂಟು. ನನಗೆ ಮೆಚ್ಚಿನ ನಾಲ್ಕು ಅಂತಿಮ ಪಂದ್ಯಗಳ ಕಥೆಯೇ ಅದಕ್ಕೆ ಉತ್ತರ. ಆ ನಾಲ್ಕೂ ನಿರ್ಧಾರವಾದದ್ದು ಒಂದೇ ಒಂದು ಗಜದ ನೆಲದ ಮೇಲೆ.

ಆಟ ತಿಳಿಯದ ಬಂಧುಗಳಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡಿಗೆ ಕಾಲಿಗಿಂತ ಕೈಯ ಒಡನಾಟವೇ ಹೆಚ್ಚು. ಮೈದಾನದ ಈ ಗೆರೆಯಿಂದ ಆ ಗೆರೆಗೆ ನೂರು ಗಜ. ಚೆಂಡು ಪಡೆದ ತಂಡವು ನಾಲ್ಕು ಅವಕಾಶಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಮುನ್ನಡೆದರೆ ಮತ್ತೆ ನಾಲ್ಕು ಅವಕಾಶ. ಎದುರಾಳಿಯ ಗೆರೆಗೆ ಚೆಂಡನ್ನು ಮುಟ್ಟಿಸಿದರೆ ಟಚ್‌ಡೌನ್, ಆರು ಅಂಕ.

ಮೊದಲನೆಯದು ೧೯೫೮ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನಡೆದದ್ದು. ಬಾಲ್ಟಿಮೋರ್ ಕೋಲ್ಟ್ಸ್ ತಂಡವು ಕೊನೆಯ ಏಳು ಸೆಕೆಂಡುಗಳಿರುವಾಗ ನ್ಯೂಯಾರ್ಕ್ ಜೈಂಟ್ಸ್ ತಂಡದೊಡನೆ ೧೭-೧೭ರ ಸಮ ಸಾಧಿಸಿತು. ಅಂತಿಮ ಪಂದ್ಯವೊಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಆಗ ಜಾನಿ ಯೂನಿಟಾಸ್ ತನ್ನ ತಂಡವನ್ನು ಎಂಬತ್ತು ಗಜ ನಡೆಸಿದನು. ಅದರಲ್ಲಿ ಕೊನೆಯ ಒಂದು ಗಜವನ್ನು ಅಲನ್ ಅಮೀಚಿ ನುಗ್ಗಿ ದಾಟಿದನು. ಮೂರು ವರ್ಷ ಹಿಂದೆ ಪಿಟ್ಸ್‌ಬರ್ಗ್ ತಂಡ ಕೈಬಿಟ್ಟಿದ್ದರಿಂದ ಪಂದ್ಯಕ್ಕೆ ಆರು ಡಾಲರಿನಂತೆ ಆಡಿಕೊಂಡಿದ್ದವನು ಈ ಯೂನಿಟಾಸ್. ದೂರದರ್ಶನದ ಮೂಲಕ ಕೋಟ್ಯಂತರ ಜನ ನೋಡಿದ ಆ ಪಂದ್ಯದಿಂದಲೇ ಈ ಆಟ ಇಡೀ ದೇಶದ ಹುಚ್ಚಾಗತೊಡಗಿತು.

ಅಂದು ಸೋತ ಜೈಂಟ್ಸ್ ಪಾಳೆಯದಲ್ಲಿ ಇಬ್ಬರು ಸಹಾಯಕ ತರಬೇತುದಾರರಿದ್ದರು: ವಿನ್ಸ್ ಲೊಂಬಾರ್ಡಿ ಮತ್ತು ಟಾಮ್ ಲ್ಯಾಂಡ್ರಿ. ಲೊಂಬಾರ್ಡಿ ಒಂದು ಕಾಲಕ್ಕೆ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಲಿಸಿದ ಮೇಷ್ಟ್ರು ಎಂಬುದನ್ನು ಹೇಳದಿರಲಾರೆ. ಒಂಬತ್ತು ವರ್ಷಗಳ ನಂತರ, ೧೯೬೭ರ ಡಿಸೆಂಬರ್ ೩೧ರಂದು, ಇವರಿಬ್ಬರೂ ಪರಸ್ಪರ ಎದುರಾದರು. ಲೊಂಬಾರ್ಡಿಯವರದು ಗ್ರೀನ್ ಬೇ ಎಂಬ ಸಣ್ಣ ಊರಿನ ಪ್ಯಾಕರ್ಸ್ ತಂಡ. ಲ್ಯಾಂಡ್ರಿಯವರದು ಡಲ್ಲಾಸ್ ಕೌಬಾಯ್ಸ್. ಚಳಿ ಸೊನ್ನೆಗಿಂತ ೨೫ ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ನೆಲವನ್ನು ಬೆಚ್ಚಗಿಡುವ ಯಂತ್ರ ಕೈಕೊಟ್ಟು ಮೈದಾನ ಕಲ್ಲಿನಂತಾಗಿತ್ತು. ಪ್ಯಾಕರ್ಸ್ ಮೂರು ಅಂಕ ಹಿಂದಿತ್ತು. ಉಳಿದದ್ದು ಹದಿನಾರು ಸೆಕೆಂಡು, ಒಂದು ಗಜಕ್ಕೂ ಕಡಿಮೆ ನೆಲ. ಓಡುವವರು ಎರಡು ಸಲ ಆ ಹಿಮದಲ್ಲಿ ಗೆರೆ ಮುಟ್ಟಲಾರದೆ ಹೋಗಿದ್ದರು. ಆಗ ಬಾರ್ಟ್ ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾನೇ ಗೆರೆಯಾಚೆಗೆ ಬಿದ್ದನು. ಪ್ಯಾಕರ್ಸ್ ೨೧, ಕೌಬಾಯ್ಸ್ ೧೭.

ಆ ಒಂದು ಗಜ ಎಲ್ಲರಿಗೂ ಒಲಿಯಲಿಲ್ಲ. ೨೦೦೦ದ ಜನವರಿ ೩೦ರಂದು ಅಟ್ಲಾಂಟಾದ ಸೂಪರ್ ಬೌಲ್‌ನಲ್ಲಿ ಸೇಂಟ್ ಲೂಯಿಸ್ ರ್‍ಯಾಮ್ಸ್ ೨೩, ಟೆನೆಸೀ ಟೈಟನ್ಸ್ ೧೬. ಕೊನೆಯ ಆರು ಸೆಕೆಂಡು, ಹತ್ತು ಗಜ. ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಗೆರೆಯತ್ತ ತಿರುಗುತ್ತಿದ್ದಂತೆ ಮೈಕ್ ಜೋನ್ಸ್ ಅವನ ಕಾಲುಗಳನ್ನು ತಬ್ಬಿದನು. ಕಬಡ್ಡಿಯಲ್ಲಿ ನಡುಗೆರೆಗೆ ಕೈಚಾಚುವವನಂತೆ ಡೈಸನ್ ನೆಲಕ್ಕೊರಗಿ ಚೆಂಡನ್ನು ಮುಂದೆ ಚಾಚಿದನು. ಒಂದು ಗಜ ಉಳಿಯಿತು. ಕಾಲ ಮುಗಿಯಿತು.

ನಾಲ್ಕನೆಯದು ೨೦೧೫ರ ಫೆಬ್ರುವರಿ ೧ರಂದು ಅರಿಜೋನಾದಲ್ಲಿ. ನಾಲ್ಕು ಅಂಕ ಹಿಂದಿದ್ದ ಸಿಯಾಟಲ್ ಸೀಹಾಕ್ಸ್ ಒಂದು ಗಜದ ದೂರಕ್ಕೆ ಬಂದಿತ್ತು. ಬಲಶಾಲಿ ಓಟಗಾರ ಮಾರ್ಷಾನ್ ಲಿಂಚ್ ಜೊತೆಗಿದ್ದರೂ ಚೆಂಡನ್ನು ಎಸೆಯುವ ತೀರ್ಮಾನವಾಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಮಧ್ಯೆ ನುಗ್ಗಿ ಅದನ್ನು ಕಸಿದನು. ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ಅಭ್ಯಾಸದ ವೇಳೆ ಇದೇ ತಂತ್ರಕ್ಕೆ ಅವನು ಸೋತಿದ್ದನು. ಆ ಸೋಲು ಕಲಿಸಿದ್ದನ್ನು ಮರೆತಿರಲಿಲ್ಲ. ಪೇಟ್ರಿಯಟ್ಸ್ ೨೮-೨೪ರಿಂದ ಗೆದ್ದಿತು.

ಇತಿಹಾಸ ಗೆದ್ದವರ ಹೆಸರನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ಈ ನಾಲ್ವರಲ್ಲಿ ನನಗೆ ಹೆಚ್ಚು ಹತ್ತಿರದವನು ಡೈಸನ್. ಆಟದಿಂದ ನಿವೃತ್ತನಾದ ಮೇಲೆ ಅವನು ಶಿಕ್ಷಣ ಕ್ಷೇತ್ರಕ್ಕೆ ಬಂದನು. ಡಾಕ್ಟರೇಟ್ ಪಡೆದು ಟೆನೆಸೀಯಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯನಾದನು. ಲಕ್ಷಾಂತರ ಜನರ ಕಣ್ಣೆದುರು ಒಂದು ಗಜ ಹಿಂದುಳಿದವನು ಮಕ್ಕಳ ಮುಂದೆ ನಿಂತು ಪ್ರಯತ್ನದ ಮಾತಾಡಿದರೆ ಆ ಮಾತಿಗೆ ತೂಕವಿರುತ್ತದೆ.

ಒಂದೇ ಅಂಕದಿಂದ ಅನುತ್ತೀರ್ಣರಾಗಿ ತಲೆ ತಗ್ಗಿಸಿ ನಿಂತ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಆ ಒಂದು ಅಂಕ ಸುಳ್ಳೆಂದು ಅವರಿಗೆ ಹೇಳಲಾಗದು, ಆ ಒಂದು ಗಜವೂ ಸುಳ್ಳಲ್ಲ. ಆದರೆ ಅದರ ಹಿಂದೆ ಕ್ರಮಿಸಿದ ತೊಂಬತ್ತೊಂಬತ್ತು ಗಜಗಳೂ ಅಷ್ಟೇ ನಿಜ. ನಿಮ್ಮ ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ ಇದನ್ನೊಮ್ಮೆ ನೆನೆಯಿರಿ.