ಮುಸ್ಸಂಜೆಯ ದೀಪ

ಪರ್ಕಳದಿಂದ ಕಾಪು ದೂರವೇನೂ ಅಲ್ಲ. ಮಣಿಪಾಲದ ಇಳಿಜಾರು ಇಳಿದು ಉಡುಪಿಯಲ್ಲಿ ಬಸ್ಸು ಬದಲಿಸಿದರೆ, ಅಲ್ಲಿಂದ ಹನ್ನೆರಡು-ಹದಿಮೂರು ಕಿಲೋಮೀಟರು. ಆದರೆ ಮದುವೆಯಾಗಿ ಪರ್ಕಳಕ್ಕೆ ಬಂದು ಐವತ್ತು ವರ್ಷ ಕಳೆದರೂ ನನ್ನ ಅತ್ತೆ ಕಾಪುವಿನ ದೀಪಸ್ತಂಭವನ್ನು ನೋಡಿರಲಿಲ್ಲ. "ಅಲ್ಲಿ ಜನರನ್ನು ಒಳಗೆ ಬಿಡುವುದೇ ಸಂಜೆಗಂತೆ. ಆ ಹೊತ್ತಿಗೆ ಮನೆಯಲ್ಲಿ ದೇವರಿಗೆ ದೀಪ ಇಡುವವರು ಯಾರು?" ಎನ್ನುತ್ತಿದ್ದರು.

ಕೊನೆಗೊಂದು ಭಾನುವಾರ ದೀಪದ ಕೆಲಸವನ್ನು ನನ್ನ ಮಗನಿಗೆ ವಹಿಸಿ ಇಬ್ಬರೂ ಹೊರಟೆವು.

ಕಡಲ ಅಂಚಿನ ದೊಡ್ಡ ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರದ, ಕಪ್ಪು-ಬಿಳಿ ಪಟ್ಟಿಯ ಗೋಪುರ. ಬಂಡೆಯ ಮೆಟ್ಟಿಲುಗಳನ್ನು ಅತ್ತೆ ನಿಂತು ನಿಂತು ಹತ್ತಿದರು. ಗೋಪುರದ ಸುತ್ತುಮೆಟ್ಟಿಲು ಕಂಡು, "ನೀನು ನೋಡಿ ಬಾ" ಎಂದು ಕೆಳಗೇ ಕುಳಿತರು.

ಮೇಲೆ ನಿಂತಾಗ ಕಂಡದ್ದು ಎರಡೂ ಕಡೆ ತೆಂಗಿನ ಸಾಲು, ಎದುರಿಗೆ ನೀರು, ನೀರಿನಿಂದ ತಲೆ ಎತ್ತಿದ ಬಂಡೆಗಳು. ಹಗಲಿನಲ್ಲಿ ನೋಡಲು ಚೆಂದ. ಕತ್ತಲಲ್ಲಿ ಬರುವ ಹಡಗಿಗೆ ಅವೇ ಮೃತ್ಯು. 1901ರಲ್ಲಿ ಬ್ರಿಟಿಷರು ಇದನ್ನು ಕಟ್ಟಿದಾಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಹೆಂಚು, ಕಾಫಿ ದೂರದೂರಿಗೆ ಹೋಗಲು ಕಡಲೇ ಹೆದ್ದಾರಿ. ಆಳುವವರಿಗೆ ಆ ವ್ಯಾಪಾರ ಮುಖ್ಯವಾಗಿತ್ತು. ಆದರೆ ಬೆಳಕಿಗೆ ಒಡೆಯನೆಂಬವನಿಲ್ಲ. ಮೀನು ಹಿಡಿದು ಮರಳುವ ಮೊಗವೀರರ ದೋಣಿಗೂ ಅದು ದಾರಿ ತೋರಿಸಿತು.

ಆಗಿನದು ಚಿಮಿಣಿ ಎಣ್ಣೆಯ ದೀಪ. ಅದರ ಸುತ್ತ ಪಟ್ಟಕದಂತೆ ಕಡೆದ ಗಾಜು. ನಾಲ್ಕೂ ದಿಕ್ಕಿಗೆ ಚದುರಿ ಹೋಗುವ ಬೆಳಕನ್ನು ಬಾಗಿಸಿ, ಒಂದುಗೂಡಿಸಿ ದೂರಕ್ಕೆ ಕಳಿಸುವ ಈ ಉಪಾಯ ಫ್ರಾನ್ಸಿನ ಫ್ರೆನೆಲ್ ಎಂಬಾತನದು. 1823ರಲ್ಲಿ ಅಲ್ಲಿನ ಕಾರ್ಡುವಾನ್ ದೀಪಸ್ತಂಭದಲ್ಲಿ ಅದನ್ನು ಮೊದಲು ಬಳಸಿದರು.

ಕೆಳಗಿಳಿದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟು ಬರುವ ಮೊದಲು ದಿನಾ ಹಚ್ಚುತ್ತಿದ್ದವರು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಕಟ್ಟಿದ ವರ್ಷ ಗೊತ್ತು, ಎತ್ತರ ಗೊತ್ತು. ಮಳೆಗಾಲದ ಗಾಳಿಯಲ್ಲೂ ಎಣ್ಣೆ ಹೊತ್ತು ಈ ಮೆಟ್ಟಿಲು ಹತ್ತಿ, ಗಾಜಿನ ಮಸಿ ಒರೆಸಿ, ರಾತ್ರಿಯಿಡೀ ಎಚ್ಚರವಿದ್ದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಐವತ್ತು ವರ್ಷ ಒಂದು ಸಂಜೆಯೂ ಮನೆ ಬಿಡದ ಅತ್ತೆಗೆ ಮಾತ್ರ ಆ ಪ್ರಶ್ನೆ ಹೊಳೆಯಿತು. ಚರಿತ್ರೆ ಓದಿದ ನನಗೆ ಹೊಳೆದಿರಲಿಲ್ಲ.

ಮನೆ ಮುಟ್ಟುವಾಗ ಕತ್ತಲಾಗಿತ್ತು. ಮಗ ದೀಪ ಹಚ್ಚಿಟ್ಟಿದ್ದ. ಅತ್ತೆ ಕಾಲು ತೊಳೆದು ಒಳಗೆ ಹೋಗಿ, ಬತ್ತಿಯನ್ನು ಸ್ವಲ್ಪ ಮುಂದಕ್ಕೆಳೆದು, "ಪರವಾಗಿಲ್ಲ, ಇನ್ನೊಮ್ಮೆ ಹೋಗಬಹುದು" ಎಂದರು.