ವಲಸೆ ಬೇಟೆಹಕ್ಕಿಗಳ ಶರತ್ಕಾಲದ ಎಣಿಕೆ ಮತ್ತು ಕೃಷಿಗೆ ಅದರ ಪ್ರಸ್ತುತತೆ

ಪೀಠಿಕೆ

ಹದ್ದು, ಗಿಡುಗ, ಚಾಣ, ಸೆಳೆವ ಮೊದಲಾದ ಬೇಟೆಹಕ್ಕಿಗಳು ಆಹಾರ ಸರಪಳಿಯ ತುದಿಯಲ್ಲಿರುವ ಜೀವಿಗಳು. ಹೊಲಕ್ಕೆ ಸಿಂಪಡಿಸಿದ, ಬೇಗ ವಿಘಟನೆಯಾಗದ ಕೀಟನಾಶಕದ ಅಂಶವು ಕೀಟ, ಮೀನು, ಇಲಿ ಹಾಗೂ ಸಣ್ಣ ಹಕ್ಕಿಗಳ ಮೂಲಕ ಇವುಗಳ ದೇಹದಲ್ಲಿ ಸಂಗ್ರಹಗೊಳ್ಳುತ್ತದೆ. ಆದ್ದರಿಂದ ಇವುಗಳ ಸಂಖ್ಯೆಯಲ್ಲಿ ಆಗುವ ಬದಲಾವಣೆಯು ಕೃಷಿ ಪರಿಸರದ ಸ್ಥಿತಿಯನ್ನು ಸೂಚಿಸುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಇವು ವಿಶಾಲ ಪ್ರದೇಶದಲ್ಲಿ ಚದುರಿರುವುದರಿಂದ ಎಣಿಕೆ ಕಷ್ಟಸಾಧ್ಯ. ವಲಸೆಯ ಕಾಲದಲ್ಲಿ ಕೆಲವೇ ದಾರಿಗಳಲ್ಲಿ ಒಟ್ಟಾಗಿ ಸಾಗುವುದರಿಂದ ಒಂದೇ ಸ್ಥಳದಲ್ಲಿ ನಿಂತು ಎಣಿಸಬಹುದು.

ಹಕ್ಕಿಗಳು ಒಂದೆಡೆ ಸೇರಲು ಕಾರಣ

ಅಗಲ ರೆಕ್ಕೆಯ ಹಕ್ಕಿಗಳು ಶಕ್ತಿಯನ್ನು ಉಳಿಸಲು ರೆಕ್ಕೆ ಬಡಿಯದೆ ತೇಲುತ್ತವೆ. ಬಿಸಿಲಿಗೆ ಕಾದ ನೆಲದಿಂದ ಮೇಲೇರುವ ಗಾಳಿಯಲ್ಲಿ ಸುತ್ತುತ್ತಾ ಎತ್ತರಕ್ಕೆ ಹೋಗಿ, ಅಲ್ಲಿಂದ ಮುಂದಕ್ಕೆ ಜಾರುತ್ತವೆ. ಬೆಟ್ಟಸಾಲಿಗೆ ಬಡಿದು ಮೇಲ್ಮುಖವಾಗುವ ಗಾಳಿಯನ್ನೂ ಬಳಸುತ್ತವೆ. ಸಮುದ್ರದ ಮೇಲೆ ಇಂತಹ ಗಾಳಿ ದುರ್ಬಲವಾದ್ದರಿಂದ ಹೆಚ್ಚಿನವು ನೆಲದ ಅಂಚನ್ನೇ ಹಿಡಿದು ಸಾಗುತ್ತವೆ. ಜಾರ್ಜಿಯಾ ದೇಶದ ಬಟೂಮಿ ಹಾಗೂ ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಒಂದೇ ಋತುವಿನಲ್ಲಿ ಲಕ್ಷಾಂತರ ಬೇಟೆಹಕ್ಕಿಗಳು ಕಾಣಸಿಗಲು ಇದೇ ಕಾರಣ.

ಹಾಕ್ ಮೌಂಟನ್‌ನ ದಾಖಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಾಕ್ ಮೌಂಟನ್ ಬೆಟ್ಟದಲ್ಲಿ ಪ್ರತಿ ಶರತ್ಕಾಲದಲ್ಲೂ ಬೇಟೆಗಾರರು ವಲಸೆ ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನು ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ಅವರನ್ನು ಕಾವಲಿಗೆ ನೇಮಿಸಿದರು. ಬ್ರೌನ್ ಅವರು ಕಾವಲಿನ ಜೊತೆಗೆ ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಡಿ.ಡಿ.ಟಿ. ಬಳಕೆ ವ್ಯಾಪಕವಾಯಿತು. ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿನ ಎಳೆಯ ಹಕ್ಕಿಗಳ ತಲೆ ಕಪ್ಪಾಗಿರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಎಣಿಸಬಹುದಾಗಿತ್ತು. ಬ್ರೌನ್ ಅವರ ದಾಖಲೆಯ ಪ್ರಕಾರ 1935–39ರ ಅವಧಿಯಲ್ಲಿ ಕಂಡ ಹದ್ದುಗಳಲ್ಲಿ ಶೇ. 40ರಷ್ಟು ಎಳೆಯವು. 1955–59ರಲ್ಲಿ ಈ ಪ್ರಮಾಣ ಶೇ. 20ಕ್ಕೆ ಇಳಿಯಿತು. 1957ರಲ್ಲಿ 32 ವಯಸ್ಕ ಹದ್ದುಗಳಿಗೆ ಕೇವಲ ಒಂದು ಎಳೆಯ ಹದ್ದು ಕಂಡುಬಂದಿತು. ರೇಚಲ್ ಕಾರ್ಸನ್ ಅವರು 1962ರಲ್ಲಿ ಪ್ರಕಟವಾದ ‘ಸೈಲೆಂಟ್ ಸ್ಪ್ರಿಂಗ್’ ಕೃತಿಯಲ್ಲಿ ಈ ಅಂಕಿಗಳನ್ನು ಉಲ್ಲೇಖಿಸಿದರು. ಡಿ.ಡಿ.ಟಿ.ಯ ಶೇಷಾಂಶವು ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುವುದು ಮುಂದಿನ ಸಂಶೋಧನೆಗಳಿಂದ ದೃಢಪಟ್ಟಿತು. ಅಮೆರಿಕವು 1972ರಲ್ಲಿ ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು ನಿಷೇಧಿಸಿತು. ಈ ಹದ್ದಿನ ಸಂಖ್ಯೆ ಚೇತರಿಸಿಕೊಂಡು, 2007ರಲ್ಲಿ ಅದನ್ನು ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು.

ಹದ್ದು ದೀರ್ಘಾಯುಷಿ. ಮರಿಗಳಾಗದಿದ್ದರೂ ವಯಸ್ಕ ಹಕ್ಕಿಗಳು ಹಲವು ವರ್ಷ ಹಾರಾಡುತ್ತಲೇ ಇರುತ್ತವೆ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಅಪಾಯ ತಡವಾಗಿ ತಿಳಿಯುತ್ತದೆ. ಆದ್ದರಿಂದ ವಯಸ್ಸಿನ ವಿವರವನ್ನೂ ದಾಖಲಿಸುವುದು ಅತ್ಯಗತ್ಯ.

ಎಣಿಕೆಯ ಕ್ರಮ

1. ಪ್ರತಿ ವರ್ಷ ಒಂದೇ ಸ್ಥಳ, ಅದೇ ದಿನಗಳು ಮತ್ತು ಅದೇ ವೇಳೆಯನ್ನು ಪಾಲಿಸಬೇಕು.
2. ಗಂಟೆಗೊಮ್ಮೆ ಹಕ್ಕಿಗಳ ಸಂಖ್ಯೆ, ಗಾಳಿಯ ದಿಕ್ಕು, ಮೋಡ ಮತ್ತು ಎಣಿಸುವವರ ಸಂಖ್ಯೆಯನ್ನು ಬರೆಯಬೇಕು.
3. ಗುಂಪು ಸುತ್ತುತ್ತಿರುವಾಗ ಎಣಿಸಿದರೆ ತಪ್ಪಾಗುವ ಸಂಭವ ಹೆಚ್ಚು. ಮೇಲೇರಿದ ಹಕ್ಕಿಗಳು ಸಾಲಾಗಿ ಜಾರತೊಡಗಿದಾಗ ಎಣಿಸಬೇಕು.
4. ಗುರುತು ಸಿಗದ ಹಕ್ಕಿಯನ್ನು ‘ಗುರುತಿಸಲಾಗದ್ದು’ ಎಂದೇ ನಮೂದಿಸಬೇಕು; ಊಹೆ ಸಲ್ಲದು.
5. ಒಂದೂ ಹಕ್ಕಿ ಕಾಣದ ಗಂಟೆಗೆ ಸೊನ್ನೆ ಬರೆಯಬೇಕು.
6. ಹೋಲಿಕೆಗೆ ಗಂಟೆಗೆ ಎಷ್ಟು ಹಕ್ಕಿ ಎಂಬ ಸರಾಸರಿಯನ್ನು ಬಳಸಬೇಕು. ಉದಾಹರಣೆಗೆ, 10 ಗಂಟೆಯಲ್ಲಿ 120 ಹಕ್ಕಿ ಕಂಡರೆ ಸರಾಸರಿ 12. 4 ಗಂಟೆಯಲ್ಲಿ 60 ಕಂಡರೆ ಸರಾಸರಿ 15.

ಒಂದೆರಡು ವರ್ಷದ ಏರಿಳಿತವು ಹವಾಮಾನದಿಂದಲೂ ಆಗಬಹುದು. ಹಲವು ವರ್ಷಗಳ ದಾಖಲೆಯಿಂದ ಮಾತ್ರ ತೀರ್ಮಾನಕ್ಕೆ ಬರಬೇಕು.

ಕರ್ನಾಟಕದ ಸಂದರ್ಭ

ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಸೆಳೆವಗಳು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಮ್ಮ ಬಯಲುಸೀಮೆಗೆ ಬಂದು, ಮಾರ್ಚ್–ಏಪ್ರಿಲ್‌ನಲ್ಲಿ ಮರಳುತ್ತವೆ. ಇವು ಹೊಲಗಳ ಮೇಲೆ ತಗ್ಗಿನಲ್ಲಿ ಹಾರುತ್ತಾ ಮಿಡತೆ, ಇಲಿ, ಓತಿ ಹಾಗೂ ಸಣ್ಣ ಹಕ್ಕಿಗಳನ್ನು ಹಿಡಿಯುತ್ತವೆ. ಇವು ಮರವೇರದೆ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ರಾತ್ರಿ ಕಳೆಯುತ್ತವೆ. ಆದ್ದರಿಂದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲಿನಿಂದ ಕತ್ತಲಾಗುವವರೆಗೆ ಹುಲ್ಲುಗಾವಲಿನ ಹೊರಗೆ ದೂರದಲ್ಲಿ ನಿಂತು, ಇಳಿಯುವ ಹಕ್ಕಿಗಳನ್ನು ಎಣಿಸುವುದು ಸೂಕ್ತ. ಹುಲ್ಲಿನೊಳಗೆ ಪ್ರವೇಶಿಸಬಾರದು.

ಇವು ಬರುವ ಸಮಯದಲ್ಲಿ ತೊಗರಿ ಹೂ–ಕಾಯಿ ಹಂತದಲ್ಲಿದ್ದು ಸಿಂಪರಣೆ ಹೆಚ್ಚಾಗಿರುತ್ತದೆ. ಇದರ ಅಪಾಯವನ್ನು ಅರಿಯಲು ಅರ್ಜೆಂಟೀನಾದ ನಿದರ್ಶನ ಸಾಕು. ಅಲ್ಲಿ 1995–96ರ ಬೇಸಿಗೆಯಲ್ಲಿ ಮಿಡತೆ ಹತೋಟಿಗಾಗಿ ಕುದುರೆ ಮಸಾಲೆ ಮತ್ತು ಸೂರ್ಯಕಾಂತಿ ಹೊಲಗಳಿಗೆ ಮೋನೋಕ್ರೋಟೋಫಾಸ್ ಸಿಂಪಡಿಸಲಾಗಿತ್ತು. ಮಿಡತೆ ತಿನ್ನಲು ಬಂದಿದ್ದ, ಉತ್ತರ ಅಮೆರಿಕದಿಂದ ವಲಸೆ ಬರುವ ಸ್ವೈನ್‌ಸನ್ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ನಂತರ ಆ ದೇಶದಲ್ಲಿ ಈ ಕೀಟನಾಶಕವನ್ನು ನಿಷೇಧಿಸಲಾಯಿತು.

ರೈತರಿಗೆ ಸಲಹೆಗಳು

• ಕೀಟಗಳ ಸಂಖ್ಯೆ ಆರ್ಥಿಕ ನಷ್ಟದ ಮಟ್ಟ ತಲುಪಿದಾಗ ಮಾತ್ರ ಶಿಫಾರಸು ಮಾಡಿದ ಕೀಟನಾಶಕವನ್ನು ನಿಗದಿತ ಪ್ರಮಾಣದಲ್ಲಿ ಬಳಸಿ.
• ಸೆಳೆವಗಳು ಗುಂಪಾಗಿ ಬೇಟೆಯಾಡುತ್ತಿರುವ ಹೊಲದಲ್ಲಿ ಸಿಂಪರಣೆಯನ್ನು ಮುಂದೂಡಲು ಸಾಧ್ಯವೇ ಎಂದು ಪರಿಶೀಲಿಸಿ.
• ಇಲಿ ಪಾಷಾಣವನ್ನು ಬಿಲದೊಳಗೇ ಇಟ್ಟು ಬಾಯಿ ಮುಚ್ಚಿ. ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ.
• ಗೋಮಾಳ, ಕಾವಲುಗಳ ಒಣಹುಲ್ಲಿಗೆ ಬೆಂಕಿ ಹಚ್ಚಬೇಡಿ.
• ಹೊಲದಲ್ಲಿ ಒಂದಕ್ಕಿಂತ ಹೆಚ್ಚು ಬೇಟೆಹಕ್ಕಿಗಳು ಸತ್ತಿರುವುದು ಕಂಡರೆ ಬರಿಗೈಯಿಂದ ಮುಟ್ಟದೆ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. ಆ ವಾರ ಸಿಂಪಡಿಸಿದ ಔಷಧಿಯ ಹೆಸರು ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು ಅವರಿಗೆ ಒದಗಿಸಿ. ಸಾವಿನ ಕಾರಣ ಪತ್ತೆಗೆ ಈ ಮಾಹಿತಿ ನೆರವಾಗುತ್ತದೆ.