ಸ್ಮಾರ್ಟ್‌ಫೋನಿನ ಜ್ಯಾಕ್ ಮತ್ತು ಪೋರ್ಟ್: ಸವೆತದ ಇತಿಹಾಸ

ಯಂತ್ರಗಳ ಇತಿಹಾಸವನ್ನು ಬರೆಯುವವರು ಅವುಗಳ ಶಕ್ತಿಯನ್ನೂ ವೇಗವನ್ನೂ ವಿವೇಚಿಸುವುದು ವಾಡಿಕೆ; ಅವು ಎಲ್ಲಿ ಸವೆಯುತ್ತವೆಂಬುದನ್ನು ಪರಿಶೀಲಿಸುವುದು ವಿರಳ. ಎರಡು ವಸ್ತುಗಳು ದಿನವೂ ಕೂಡಿ ಅಗಲುವ ಸ್ಥಳದಲ್ಲಿ ಸವೆತವು ಅನಿವಾರ್ಯ. ಅದು ಅಗ್ಗದ ತಂತಿಯ ಪಾಲಿಗೆ ಬರಬೇಕೋ, ಬೆಲೆಬಾಳುವ ಉಪಕರಣದ ಪಾಲಿಗೆ ಬರಬೇಕೋ ಎಂಬ ಪ್ರಶ್ನೆಯೇ ಸ್ಮಾರ್ಟ್‌ಫೋನಿನ ಹೆಡ್‌ಫೋನ್ ಜ್ಯಾಕ್ ಮತ್ತು ಚಾರ್ಜಿಂಗ್ ಪೋರ್ಟುಗಳ ಇತಿಹಾಸದ ತಿರುಳೆಂದು ನಾವು ಭಾವಿಸುತ್ತೇವೆ.

ಇವೆರಡರಲ್ಲಿ ಜ್ಯಾಕ್ ಹಿರಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ದೂರವಾಣಿ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸಲು ಬಳಕೆಗೆ ಬಂದ ಕಾಲು ಅಂಗುಲದ ಪ್ಲಗ್ಗೇ ಇದರ ಮೂಲ. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲಕ್ಕೆ ಇದರ 3.5 ಮಿಲಿಮೀಟರಿನ ಕಿರಿಯ ರೂಪವು ಬಳಕೆಗೆ ಬಂದಿತು. 1979ರ ಸೋನಿ ವಾಕ್‌ಮನ್ ಅದನ್ನು ಲೋಕವಿಖ್ಯಾತಗೊಳಿಸಿತು. ಪ್ಲಗ್ಗು ದುಂಡಗಿರುವುದರಿಂದ, ತಂತಿ ತಿರುಚಿಕೊಂಡರೆ ರಂಧ್ರದೊಳಗೇ ತಿರುಗಿ ಬಿಗಿತವನ್ನು ಕಳೆಯುತ್ತದೆ. ಈ ಗುಣವು ಚಪ್ಪಟೆಯ ಪೋರ್ಟುಗಳಿಗಿಲ್ಲ.

ಚಾರ್ಜಿಂಗ್ ಪೋರ್ಟಿನ ವಿಷಯದಲ್ಲಿ ಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ರೀತಿಯಾಗಿತ್ತು. 2007ರಲ್ಲಿ ಪ್ರಕಟವಾದ ಮೈಕ್ರೋ ಯುಎಸ್‌ಬಿ ಇಲ್ಲಿ ಮುಖ್ಯ ಘಟ್ಟ. ಹಿಂದಿನ ಮಿನಿ ಯುಎಸ್‌ಬಿಗೆ 5,000 ಬಾರಿ ಸೇರಿಸಿ ತೆಗೆಯುವಷ್ಟು ಬಾಳಿಕೆ ನಿಗದಿಯಾಗಿದ್ದರೆ ಇದಕ್ಕೆ 10,000 ಬಾರಿ ನಿಗದಿಯಾಯಿತು. ಹಿಡಿದಿಡುವ ಸ್ಪ್ರಿಂಗನ್ನು ಫೋನಿನಿಂದ ತೆಗೆದು ತಂತಿಯ ಪ್ಲಗ್ಗಿನಲ್ಲಿರಿಸಿದುದು ಗಮನಾರ್ಹ: ಸವೆಯಬೇಕಾದುದು ತಂತಿಯೇ ಎಂಬ ನಿರ್ಣಯವದು. 2014ರ ಯುಎಸ್‌ಬಿ ಸಿ ಇದೇ ತತ್ತ್ವವನ್ನು ಅನುಸರಿಸಿತು. 2012ರ ಆಪಲ್‌ನ ಲೈಟ್ನಿಂಗ್ ಇದಕ್ಕೆ ವಿರುದ್ಧ. ಅದರ ಪ್ಲಗ್ಗು ಗಟ್ಟಿ, ಸ್ಪರ್ಶದ ಸ್ಪ್ರಿಂಗುಗಳು ಫೋನಿನೊಳಗೆ.

ದಿನಕ್ಕೆ ಮೂರು ಬಾರಿಯಂತೆ ಲೆಕ್ಕ ಹಾಕಿದರೆ 10,000 ಬಾರಿಗೆ ಒಂಬತ್ತು ವರ್ಷಗಳಾಗುತ್ತವೆ. ಆದರೂ ಪೋರ್ಟುಗಳು ಅದಕ್ಕೂ ಮುನ್ನ ಕೆಡುವುದುಂಟು. ಆ ಸಂಖ್ಯೆ ಪ್ರಯೋಗಾಲಯದಲ್ಲಿ ನೇರವಾಗಿ ಸೇರಿಸಿ ತೆಗೆದುದರ ಲೆಕ್ಕ. ನಿತ್ಯದ ಬಳಕೆಯಲ್ಲಿ ಪಕ್ಕದ ಜಗ್ಗು ಒಳಗಿನ ತೆಳುನಾಲಿಗೆಯನ್ನೂ ಬೆಸುಗೆಯನ್ನೂ ದುರ್ಬಲಗೊಳಿಸುತ್ತದೆ. ತೇವವು ಲೋಹವನ್ನು ತಿನ್ನುತ್ತದೆ. ಜೇಬಿನ ನೂಲುದೂಳು ತಳದಲ್ಲಿ ಅಡಕಗೊಂಡು ಪ್ಲಗ್ಗು ಪೂರ್ತಿ ಕೂರದಂತೆ ತಡೆಯುತ್ತದೆ. ಕೆಟ್ಟಿತೆಂದು ಭಾವಿಸಿದ ಪೋರ್ಟು ಕೇವಲ ದೂಳಿನಿಂದ ಮುಚ್ಚಿರುವುದೂ ಅಪರೂಪವಲ್ಲ.

ಈ ಹಿನ್ನೆಲೆಯಲ್ಲಿ 2016ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ಐಫೋನ್ 7ರಲ್ಲಿ ಜ್ಯಾಕನ್ನು ಕೈಬಿಟ್ಟುದನ್ನು ನೋಡಬೇಕು. ಹಾಗೆ ಮಾಡಿದವರಲ್ಲಿ ಅದು ಮೊದಲನೆಯದಲ್ಲ. ಆದರೆ ಅನಂತರ ಅನೇಕರು ಅದೇ ಹಾದಿ ಹಿಡಿದರು. ತಂತಿಯ ಹೆಡ್‌ಫೋನನ್ನೇ ನೆಚ್ಚಿದವರ ಫೋನಿನಲ್ಲಿ ಎರಡು ಸಂಧಿಗಳ ದುಡಿಮೆ ಒಂದೇ ಪೋರ್ಟಿನ ಮೇಲೆ ಬಿದ್ದಿತು. ಹಿಂದೆ ಜ್ಯಾಕ್ ಕೆಟ್ಟರೆ ಸಂಗೀತವಷ್ಟೇ ನಿಲ್ಲುತ್ತಿತ್ತು. ಈಗ ಪೋರ್ಟು ಕೆಟ್ಟರೆ, ತಂತಿಯಿಲ್ಲದೆ ಚಾರ್ಜಾಗುವ ಸೌಲಭ್ಯವಿಲ್ಲದ ಫೋನಿನ ಬಳಕೆಯೇ ನಿಲ್ಲುತ್ತದೆ. ತಂತಿರಹಿತ ಹೆಡ್‌ಫೋನುಗಳು ಈ ಹೊರೆಯನ್ನು ಇಳಿಸಿದವೆಂಬುದು ನಿಜ. ಆದರೆ ಅವುಗಳ ಪುಟ್ಟ ಬ್ಯಾಟರಿಗಳು ಕಾಲಕ್ರಮದಲ್ಲಿ ಸೊರಗುವುದರಿಂದ ಸವೆತವು ಅಳಿಯಲಿಲ್ಲ, ಸ್ಥಾನಾಂತರಗೊಂಡಿತು.

ಐರೋಪ್ಯ ಒಕ್ಕೂಟದ ಶಾಸನವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಯುಎಸ್‌ಬಿ ಸಿ ರೂಪವನ್ನು ಕಡ್ಡಾಯಗೊಳಿಸಿತು. ರೂಪದ ಐಕ್ಯವು ತಂತಿಯ ಕೊಳ್ಳುಗನಿಗೆ ಹಿತಕರವೇ. ಆದರೆ ಫೋನಿನ ಆಯುಸ್ಸಿನ ದೃಷ್ಟಿಯಿಂದ, 2025ರ ಜೂನ್ 20ರಿಂದ ಅನ್ವಯವಾದ ಇನ್ನೊಂದು ನಿಯಮವೇ ಹೆಚ್ಚು ಮಹತ್ತ್ವದ್ದೆಂದು ನಮ್ಮ ಅಭಿಪ್ರಾಯ. ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 7 ವರ್ಷ ಅದರ ಚಾರ್ಜಿಂಗ್ ಪೋರ್ಟನ್ನು ಬಿಡಿಭಾಗವಾಗಿ ದುರಸ್ತಿಗಾರರಿಗೆ ಒದಗಿಸಬೇಕೆಂದು ಅದು ವಿಧಿಸುತ್ತದೆ. ಸವೆಯುವ ಭಾಗವನ್ನು ಸವೆಯುವುದೆಂದು ಒಪ್ಪಿ, ಬದಲಿಸಲು ಅವಕಾಶವೀಯುವುದೇ ಬಾಳಿಕೆಯ ನಿಜವಾದ ಆಧಾರವೆಂಬುದು ಈ ಇತಿಹಾಸದಿಂದ ಸಿದ್ಧವಾಗುತ್ತದೆ.